ಬ್ಲ್ಯಾಂಕಿನಲ್ಲಿ ಸತು ಎಲ್ಲಿಂದ ಬಂತು?

ಅಂಟಾರ್ಕ್ಟಿಕಾದ ಲಾರ್ಸ್‌ಮನ್ ಹಿಲ್ಸ್‌ನಲ್ಲಿರುವ ನಮ್ಮ ಭಾರತಿ ಠಾಣೆಯ ಕಡೆಯಿಂದ ಕಡಲ ನೀರು ಬೆಂಗಳೂರಿನ ಲ್ಯಾಬಿಗೆ ಬಂದಿತ್ತು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಹುಡುಕಬೇಕಾದ ಸತು (ಜಿಂಕ್), ಸೀಸ ಮಾತ್ರ ನ್ಯಾನೋಗ್ರಾಂ ಲೆಕ್ಕದಲ್ಲಿ. ಆದರೆ ಬ್ಲ್ಯಾಂಕಿನಲ್ಲೂ, ಅಂದರೆ ಹೋಲಿಕೆಗೆಂದು ಕಡಲ ನೀರೇ ಹಾಕದೆ ಅದೇ ರೀತಿ ಪರೀಕ್ಷಿಸುವ ಖಾಲಿ ಮಾದರಿಯಲ್ಲೂ, ಸತು! ಆಸಿಡ್ ಬದಲಿಸಿದೆವು, ಬಾಟಲಿ ಬದಲಿಸಿದೆವು, ಊಹೂಂ.

ಕೊನೆಗೆ ಶುದ್ಧ ನೀರಿನ ತೆರೆದ ಬಾಟಲಿಯೊಂದನ್ನು ರಸ್ತೆ ಕಡೆಯ ಕಿಟಕಿ ಹತ್ತಿರ, ಇನ್ನೊಂದನ್ನು ಲ್ಯಾಮಿನಾರ್ ಹುಡ್ (ಸೋಸಿದ ಗಾಳಿ ಹರಿಯುವ ಕೆಲಸದ ಪೆಟ್ಟಿಗೆ) ಒಳಗೆ ರಾತ್ರಿಯಿಡೀ ಇಟ್ಟೆ. ಕಿಟಕಿ ಹತ್ತಿರದ್ದರಲ್ಲಿ ಸತು ಎದ್ದು ಕಂಡಿತು. ಟೈರ್ ರಬ್ಬರಿನಲ್ಲಿ ಜಿಂಕ್ ಆಕ್ಸೈಡ್ ಇರುತ್ತದಲ್ಲ. ನಮ್ಮ ಟ್ರಾಫಿಕ್ ಧೂಳಿಗೆ ಕರೆಯೋಲೆ ಬೇಕೇ?

ಈಗ ಮುಚ್ಚಳ ತೆಗೆಯುವುದು ಹುಡ್ ಒಳಗೇ. ಬಾಟಲಿಗೆ ಎರಡು ಜಿಪ್ ಕವರ್, ಕೈಗೆ ಪೌಡರ್ ಇಲ್ಲದ ಗ್ಲೌಸ್, ಪ್ರತಿ ಬ್ಯಾಚಿಗೂ ಬ್ಲ್ಯಾಂಕ್ (ಬೇಸರದ ಕೆಲಸ, ಬಿಡಿ). ಬ್ಲ್ಯಾಂಕಿನಲ್ಲಿ ಸತುವಿನ ಜೊತೆಗೆ ಸೀಸವೂ ಇಳಿದಿದೆ. ಕಬ್ಬಿಣ ಇನ್ನೂ ಸ್ವಲ್ಪ ಕಾಡುತ್ತಿದೆ.