ಪರಿಸರ ಎಂಜಿನಿಯರಿಂಗ್ ಓದೋದು ಹೇಗೆ: ಬೀಕರು, ಬಾಟ್ಲಿ ಮತ್ತು ಹಾಸ್ಟೆಲ್ಲಿನ ಕೊಳಚೆ

ಪರಿಸರ ಎಂಜಿನಿಯರಿಂಗ್ ಓದುತ್ತಿದ್ದೇನೆ ಅಂದರೆ ನೆಂಟರೆಲ್ಲ ಕೇಳೋದು ಒಂದೇ ಪ್ರಶ್ನೆ, "ಗಿಡ ನೆಡೋದಾ?" ಗಿಡ ಅಲ್ಲ ಸ್ವಾಮಿ, ಕೊಳಚೆ. ಕುಡಿಯುವ ನೀರು, ಕೊಳಚೆ ನೀರು, ಕಸ, ಹೊಗೆ, ಇವೇ ಓದಿನ ಮುಕ್ಕಾಲು ಭಾಗ.

ಸೇರುವ ದಾರಿ ಮೊದಲು ಹೇಳಿಬಿಡುತ್ತೇನೆ. ಬಿ.ಇ.ಯಲ್ಲೇ ಈ ವಿಷಯ ಕಲಿಸುವ ಕಾಲೇಜು ಕಡಿಮೆ, ಮೈಸೂರಿನ ಎಸ್‌ಜೆಸಿಇ ಅದಕ್ಕೆ ಹೆಸರಾದದ್ದು. ಉಳಿದವರು ಜಾಸ್ತಿ ಸಿವಿಲ್ ಮುಗಿಸಿ ಸುರತ್ಕಲ್‌ನ ಎನ್‌ಐಟಿಕೆ ತರಹದ ಕಡೆ ಎಂ.ಟೆಕ್‌ಗೆ ಬರುತ್ತಾರೆ. ಎಂ.ಟೆಕ್ ಸೇರೋಕೆ ಬರೆಯುವ ಗೇಟ್ ಪರೀಕ್ಷೆಯಲ್ಲಿ 2021ರಿಂದ ಇದಕ್ಕೇ ಬೇರೆ ಪೇಪರ್ ಇದೆ.

ಸೇರಿದ ಮೇಲೆ ಮೊದಲು ಹಿಡಿತಕ್ಕೆ ತಂದುಕೊಳ್ಳಬೇಕಾದದ್ದು ಮಾಸ್ ಬ್ಯಾಲೆನ್ಸ್. ಹೆಸರು ದೊಡ್ಡದು, ವಿಷಯ ಕಿರಾಣಿ ಅಂಗಡಿ ಲೆಕ್ಕ: ಒಳಗೆ ಬಂದದ್ದೆಷ್ಟು, ಹೊರಗೆ ಹೋದದ್ದೆಷ್ಟು, ಒಳಗೇ ಉಳಿದದ್ದೋ ಕರಗಿದ್ದೋ ಎಷ್ಟು. ಪುಸ್ತಕದ ಉದಾಹರಣೆ ಬಿಡಿ, ನಿಮ್ಮ ಹಾಸ್ಟೆಲ್ ತಗೊಳ್ಳಿ. 300 ಜನ, ತಲೆಗೆ ದಿನಕ್ಕೆ 135 ಲೀಟರ್, ಅಂದರೆ 40,500 ಲೀಟರ್. ಅದರಲ್ಲಿ ಶೇ 80 ಚರಂಡಿಗೆ ಅಂತ ಹಿಡಿದರೆ 32,400 ಲೀಟರ್ ಕೊಳಚೆ. ಈ ನೀರು ಎಲ್ಲಿಗೆ ಹೋಗುತ್ತೆ ಅಂತ ವಾರ್ಡನ್‌ನ ಕೇಳಿ ನೋಡಿ, ಅವರಿಗೂ ಗೊತ್ತಿರಲಿಕ್ಕಿಲ್ಲ.

ಇನ್ನು ಲ್ಯಾಬ್. ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಾಲ್ಕು ಜನರ ಬ್ಯಾಚಲ್ಲಿ ಒಬ್ಬ ಮಾಡಿ ಮೂವರು ರೀಡಿಂಗ್ ಕಾಪಿ ಹೊಡೆಯೋದು ಮಾಮೂಲು. ಬಿಒಡಿ ಪರೀಕ್ಷೆಯನ್ನಾದರೂ ಆ ಒಬ್ಬ ನೀವೇ ಆಗಿ ಮಾಡಿ. ನೀರಿನಲ್ಲಿರುವ ಕೊಳೆ ತಿನ್ನೋಕೆ ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕು ಅನ್ನೋದೇ ಬಿಒಡಿ. ಕೊಳಚೆಯ ಬಿಒಡಿ ಲೀಟರಿಗೆ 200 ಮಿಲಿಗ್ರಾಂ ಆಸುಪಾಸು ಇರುತ್ತೆ, ಆದರೆ ನಮ್ಮ ಹವೆಯಲ್ಲಿ ನೀರು ಹಿಡಿದುಕೊಳ್ಳುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಅಷ್ಟೇ. ಹಾಗಾಗಿ ತೆಳು ಮಾಡಲೇಬೇಕು. 300 ಮಿಲಿ ಬಾಟ್ಲಿಗೆ 6 ಮಿಲಿ ಕೊಳಚೆ ಹಾಕಿ ಉಳಿದದ್ದಕ್ಕೆ ಶುದ್ಧ ನೀರು ತುಂಬಿ ಕೆಲವು ದಿನ ಇಟ್ಟಿರಿ, ಆಮ್ಲಜನಕ ಮೊದಲು 8 ಇದ್ದದ್ದು ಕೊನೆಗೆ 4ಕ್ಕೆ ಇಳಿಯಿತು ಅಂದುಕೊಳ್ಳಿ. ತೆಳು ಮಾಡಿದ್ದು 50 ಪಟ್ಟು (300 ಭಾಗಿಸು 6), ಹಾಗಾಗಿ ಇಳಿದ 4ನ್ನು 50ರಿಂದ ಗುಣಿಸಿ, 200 ಬಂತು ಅಲ್ವಾ? ಇದು ಅರ್ಥವಾದರೆ ಸೂತ್ರ ಉರು ಹೊಡೆಯೋ ಕೆಲಸವೇ ಇಲ್ಲ.

ಬಾಟ್ಲಿಗೆ ಮುಚ್ಚಳ ಹಾಕುವಾಗ ಒಳಗೆ ಒಂದು ಗಾಳಿಗುಳ್ಳೆಯೂ ಇರಬಾರದು. ಆಮ್ಲಜನಕ ಎಷ್ಟಿದೆ ಅಂತ ಅಳೆಯೋದು ಟೈಟ್ರೇಷನ್‌ನಿಂದ, ಅಂದರೆ ಬ್ಯೂರೆಟ್‌ನಿಂದ ಹನಿ ಹನಿಯಾಗಿ ದ್ರಾವಣ ಬಿಟ್ಟು ಬಣ್ಣ ಹೋಗುವವರೆಗೆ ನೋಡೋದು. ಅದರಲ್ಲಿ ಬಣ್ಣ ತೆಳು ಹಳದಿಗೆ ಬಂದ ಮೇಲೆಯೇ ಸ್ಟಾರ್ಚ್ ಹಾಕಿ. ನಾನು ಅವಸರಕ್ಕೆ ಬಿದ್ದು ಶುರುವಿನಲ್ಲೇ ಹಾಕಿ, ಕಡುನೀಲಿ ಹೋಗದೆ, ಎಲ್ಲಿ ನಿಲ್ಲಿಸಬೇಕೋ ತಿಳಿಯದೆ, ಇಡೀ ಮಧ್ಯಾಹ್ನ ಬ್ಯೂರೆಟ್ ಮುಂದೆ ನಿಂತಿದ್ದೆ. ಇನ್ನೊಂದು, ಬಾಟ್ಲಿ ಎಷ್ಟು ಬಿಸಿಯಲ್ಲಿ, ಎಷ್ಟು ದಿನ ಇಡಬೇಕು ಅನ್ನೋದಕ್ಕೆ ಹಳೆ ಪುಸ್ತಕಗಳಲ್ಲಿ 20 ಡಿಗ್ರಿ, 5 ದಿನ ಅಂತಿರುತ್ತೆ. ನಮ್ಮ ದೇಶದ ಮಾನಕದಲ್ಲಿ 27 ಡಿಗ್ರಿ, 3 ದಿನ. ವೈವಾದಲ್ಲಿ ಇದನ್ನು ಕೇಳೇ ಕೇಳುತ್ತಾರೆ.

ಕಾನೂನು ಪೇಪರಿಗೆ ಹೆದರಬೇಡಿ. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ, ಈ ಮೂರು ಗಟ್ಟಿ ಇದ್ದರೆ ಪಾಸಿಗೆ ಮೋಸ ಇಲ್ಲ.

ಕೊನೆಯದಾಗಿ, ಮೂರನೇ ಸೆಮಿಸ್ಟರ್ ಮುಗಿಯೋದರೊಳಗೆ ಹತ್ತಿರದ ಯಾವುದಾದರೂ ಅಪಾರ್ಟ್‌ಮೆಂಟಿನ ಎಸ್‌ಟಿಪಿಗೆ, ಅಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕಕ್ಕೆ, ಹೋಗಿ ಬನ್ನಿ. ಬೆಂಗಳೂರಲ್ಲಂತೂ ಬೇಕಾದಷ್ಟಿವೆ. ಕಾಲೇಜಿನವರು ಬಸ್ಸಲ್ಲಿ ಕರೆದುಕೊಂಡು ಹೋಗಿ ಅರ್ಧ ಗಂಟೆ ತೋರಿಸಿ ಫೋಟೊ ಹೊಡೆಸೋದು ಲೆಕ್ಕಕ್ಕಿಲ್ಲ, ನೀವೇ ಸೆಕ್ರೆಟರಿ ಹತ್ರ ಕೇಳಿಕೊಂಡು ಹೋಗಿ. ಆಪರೇಟರ್‌ನ ಅಣ್ಣಾ ಅಂತ ಮಾತಾಡಿಸಿ, ಏರೇಷನ್ ಟ್ಯಾಂಕಿನ (ಕೊಳಚೆಗೆ ಗಾಳಿ ಊದುವ ತೊಟ್ಟಿ) ನೀರು ಒಂದು ಲೀಟರ್ ಜಾರಿಗೆ ಹಾಕಿಸಿ, 30 ನಿಮಿಷ ಅಲುಗಾಡಿಸದೆ ಇಡಿ. ಕಂದು ಕೆಸರು 300 ಮಿಲಿ ಗೆರೆಯ ಹತ್ತಿರ ಕೂತು ಮೇಲೆ ನೀರು ತಿಳಿಯಾಗಿದ್ದರೆ ಆ ಟ್ಯಾಂಕು ಹೆಚ್ಚುಕಮ್ಮಿ ಆರೋಗ್ಯವಾಗಿದೆ ಅಂತ. ಕೆಸರು ಕಪ್ಪಾಗಿ ಕೊಳೆತ ಮೊಟ್ಟೆ ವಾಸನೆ ಬಂದರೆ ಗಾಳಿ ಸಾಲುತ್ತಿಲ್ಲ. ಗಾಳಿ ಊದುವ ಬ್ಲೋವರ್ ಎಷ್ಟು ಹೊತ್ತು ಓಡಿಸುತ್ತೀರಿ ಅಂತ ಕೇಳಿ. ಕರೆಂಟ್ ಬಿಲ್ ಜಾಸ್ತಿ ಬರುತ್ತೆ ಅಂತ ರಾತ್ರಿ ಆಫ್ ಮಾಡಿಸುತ್ತಾರೆ ಅನ್ನೋ ಉತ್ತರ ಬಂದರೆ ಆಶ್ಚರ್ಯ ಪಡಬೇಡಿ, ಸುಮ್ನೆ ಬರೆದುಕೊಳ್ಳಿ, ಪ್ರಾಜೆಕ್ಟಿಗೆ ವಿಷಯ ಸಿಕ್ಕಿತು. ಹೋಗುವಾಗ ಹಳೆ ಬಟ್ಟೆ ಹಾಕಿಕೊಳ್ಳಿ.