ಚೌತಿ ರಾತ್ರಿ, ಚಂದ್ರ ಮುಳುಗುವ ತನಕ

ನಮ್ಮ ಮನೆಯಲ್ಲಿ ಪ್ರತಿ ಚೌತಿಗೆ ‘ಗಣೇಶನ ಮದುವೆ’ ನೋಡುವ ಅಭ್ಯಾಸ ಶುರುವಾದದ್ದು ಚಂದ್ರನಿಂದ. ಆ ರಾತ್ರಿ ಅವನನ್ನು ನೋಡಿದರೆ ಕಳ್ಳತನದ ಅಪವಾದ ಬರುತ್ತದೆ ಅಂತ ಅಜ್ಜಿ ನಮ್ಮನ್ನು ಅಂಗಳಕ್ಕೂ ಬಿಡುತ್ತಿರಲಿಲ್ಲ. ಮಕ್ಕಳನ್ನು ಒಳಗೆ ಕೂರಿಸಬೇಕಲ್ಲ? ಮಾವ ಉಡುಪಿ ಪೇಟೆಯಿಂದ ಒಂದು ವಿಸಿಡಿ ತಂದರು. ಹೆಸರಲ್ಲಿ ಗಣೇಶ ಇದ್ದಾನೆ, ಅಜ್ಜಿಗೆ ಅಷ್ಟೇ ಸಾಕಾಯಿತು.

1990ರ ಸಿನಿಮಾ, ಫಣಿ ರಾಮಚಂದ್ರ ಅವರದ್ದು. ಅನಂತ್ ನಾಗ್ ಬಾಡಿಗೆಗಿರುವ ಗಣೇಶ, ಮುಖ್ಯಮಂತ್ರಿ ಚಂದ್ರು ವಠಾರದ ಮಾಲೀಕ. ನಾಯಕಿ ವಿನಯಾ ಪ್ರಸಾದ್ ಉಡುಪಿಯವರೇ. ಅವರು ಬಂದಾಗಲೆಲ್ಲ ‘ನಮ್ಮೂರಿನ ಹುಡುಗಿ’ ಅಂತ ಅಜ್ಜಿ ಹೇಳಲೇಬೇಕು.

ಸಮಯ ಮುಖ್ಯ. ಚೌತಿಯ ಚಂದ್ರ ಬೇಗ ಮುಳುಗುತ್ತಾನೆ. ಏಳು ಗಂಟೆಗೆ ಹಾಕಿದರೆ ಸಿನಿಮಾ ಮುಗಿಯುವಷ್ಟರಲ್ಲಿ ಅವನೂ ಹೋಗಿರುತ್ತಾನೆ, ಬಾಗಿಲು ತೆಗೆಯಬಹುದು. ಆಗ ವಿಸಿಡಿ ಎರಡು ತಟ್ಟೆಯಲ್ಲಿ ಬರುತ್ತಿತ್ತು. ಬದಲಿಸುವ ಹೊತ್ತಿಗೆ ಪಂಚಕಜ್ಜಾಯ. ಈಗ ಮೊಬೈಲಿನಿಂದ ಟಿವಿಗೆ ಹಾಕುತ್ತೇವೆ, ಬದಲಿಸಲು ಏನೂ ಇಲ್ಲ. ಆದರೂ ನಡುವಲ್ಲಿ ನಿಲ್ಲಿಸುತ್ತೇವೆ, ಪಂಚಕಜ್ಜಾಯಕ್ಕಾಗಿ ಸುಮ್ನೆ.

ಒಂದು ವರ್ಷ ಎರಡನೇ ತಟ್ಟೆ ಗೀಚಿಹೋಗಿ ಅರ್ಧದಲ್ಲೇ ನಿಂತಿತು. ಉಳಿದದ್ದನ್ನು ನಾವೇ ಆಡಿ ಮುಗಿಸಿದೆವು. ಮಾವ ಮಾಲೀಕನಾಗಿ ಅರಚಿದ್ದು ಕೇಳಿ ಪಕ್ಕದ ಮನೆಯವರು ಜಗಳ ಅಂತ ಓಡಿ ಬಂದರು. ಆಕಾಶ ನೋಡದ ಹಾಗೆ ತಲೆ ತಗ್ಗಿಸಿಕೊಂಡು!

ನನ್ನದು ಎರಡೇ ನಿಯಮ. ವರ್ಷದಲ್ಲಿ ಬೇರೆ ದಿನ ನೋಡುವಂತಿಲ್ಲ, ಟಿವಿಯಲ್ಲಿ ಬಂದರೂ ಚಾನೆಲ್ ಬದಲಿಸಬೇಕು. ಹೊಸದಾಗಿ ನೋಡುವವರಿಗೆ ಶ್ರುತಿ ಯಾರು ಅಂತ ಹೇಳುವಂತಿಲ್ಲ. ಗಣೇಶ ಮುಖ ನೋಡದೆ ಪ್ರೀತಿಸುವ ಗಾಯಕಿ ಅವಳು. ನಮಗೆ ಗುಟ್ಟು ಗೊತ್ತು. ಹಾಗಾಗಿ ನಾವು ನೋಡುವುದು ಟಿವಿಯನ್ನಲ್ಲ, ಹೊಸಬರ ಮುಖವನ್ನು.

ಇತ್ತೀಚೆಗೆ ಒಂದು ತೊಂದರೆ ಉಂಟು. ಮಹಡಿಯನ್ನು ಮಣಿಪಾಲದಲ್ಲಿ ಓದುವ ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದೇನೆ. ನಲ್ಲಿ ಬಿಟ್ಟು ಹೋಗುತ್ತಾರೆ, ಬಾಡಿಗೆ ಐದಕ್ಕೆ ಅಂದರೆ ಹನ್ನೆರಡಕ್ಕೆ. ಮೊದಲೆಲ್ಲ ನಾನು ಗಣೇಶನ ಕಡೆ. ಈಗ ಮಾಲೀಕ ಕೂಗಾಡಿದರೆ, ಪಾಪ, ಅವನು ಹೇಳಿದ್ದರಲ್ಲಿ ತಪ್ಪೇನು ಅನಿಸುತ್ತದೆ.

ಹೋದ ಚೌತಿಗೆ ಆ ಹುಡುಗರನ್ನೂ ಕೆಳಗೆ ಕರೆದೆವು. ಮಾಲೀಕನಿಗೆ ಸಿಟ್ಟು ಬಂದಾಗಲೆಲ್ಲ ಮೂವರೂ ನನ್ನ ಕಡೆ ತಿರುಗಿ ನಕ್ಕರು. ‘ಅಂಕಲ್, ಇನ್ನೊಂದು ಸಲ ಹಾಕಿ’ ಅಂದ ಒಬ್ಬ.

‘ಮುಂದಿನ ಚೌತಿಗೆ’ ಅಂದೆ. ‘ಮೊದಲು ಬಾಡಿಗೆ ಕೊಡು ಮಾರಾಯ.’