ಬರೀ ಮಫಲ್ ಫರ್ನೇಸ್‌ನಲ್ಲಿ ಸೋಡಿಯಂ ಟ್ರೈಟೈಟನೇಟ್: ನನ್ನ ಅನುಭವ

ಸೋಡಿಯಂ ಅಯಾನ್ ಬ್ಯಾಟರಿಯ ಆನೋಡ್‌ಗೆ (ಋಣ ಧ್ರುವಕ್ಕೆ) ಸೋಡಿಯಂ ಟ್ರೈಟೈಟನೇಟ್, ಅಂದರೆ ಪದರ ಪದರವಾಗಿರುವ ಸೋಡಿಯಂ-ಟೈಟಾನಿಯಂ ಆಕ್ಸೈಡ್, ಬೇಕಾದರೆ ಹೈಡ್ರೋಥರ್ಮಲ್ (ಮುಚ್ಚಿದ ಪಾತ್ರೆಯಲ್ಲಿ ಒತ್ತಡದಲ್ಲಿ ದ್ರಾವಣ ಕಾಯಿಸುವ) ದಾರಿಯೇ ಸರಿ, ನ್ಯಾನೋಟ್ಯೂಬ್ ಆಗದಿದ್ದರೆ ಅದು ನಡೆಯಲ್ಲ ಅಂತ ನನಗೆ ಹೇಳದವರೇ ಇಲ್ಲ. ಮಫಲ್ ಫರ್ನೇಸ್‌ನಲ್ಲಿ (ಪ್ರಯೋಗಾಲಯದ ವಿದ್ಯುತ್ ಕುಲುಮೆಯಲ್ಲಿ) ಸುಟ್ಟ ದಪ್ಪ ಪುಡಿ ಬೇಗ ಕೈಕೊಡುತ್ತೆ ಅಂದರು. ಅದೇ ಪುಡಿಯ ಸೆಲ್‌ಗಳು ಈಗ ನೂರು ಸೈಕಲ್ ದಾಟಿ ಓಡುತ್ತಿವೆ.

ಹೈಡ್ರೋಥರ್ಮಲ್ ಕೂಡ ಮಾಡಿ ನೋಡಿದ್ದೇನೆ. 10 ಮೋಲಾರ್ ಕಾಸ್ಟಿಕ್ ಸೋಡಾ, ಅನಟೇಸ್ (ಟೈಟಾನಿಯಂ ಡೈಆಕ್ಸೈಡ್‌ನ ಒಂದು ರೂಪ), ಪಾತ್ರೆಯೊಳಗೆ ಟೆಫ್ಲಾನ್ ಲೈನರ್, 150 ಡಿಗ್ರಿ. ಟ್ಯೂಬ್ ಚೆನ್ನಾಗಿಯೇ ಬರುತ್ತವೆ. ತೊಂದರೆ ಇರುವುದು ತೊಳೆಯುವುದರಲ್ಲಿ. ಕಾಸ್ಟಿಕ್ ಪೂರ್ತಿ ಹೋಗುವ ತನಕ ತೊಳೆದರೆ ಪದರಗಳ ನಡುವಿನ ಸೋಡಿಯಂ ಕೂಡ ಹೊರಟುಹೋಗುತ್ತದೆ, ಅದರ ಜಾಗಕ್ಕೆ ಪ್ರೋಟಾನ್ ಬಂದು ಕೂರುತ್ತದೆ. ಒಂದು ಬ್ಯಾಚ್ ಇದ್ದಂತೆ ಇನ್ನೊಂದು ಇರಲ್ಲ. ದುಡ್ಡೂ ಅಲ್ಲೇ ಹೋಯಿತು. ಲೈನರ್ ಆಕಾರ ಕೆಟ್ಟು ಮುಚ್ಚಳ ಕೂರುವುದಿಲ್ಲ, ಹೊಸದು ತರಬೇಕು. ಅಷ್ಟೆಲ್ಲ ಮಾಡಿದರೂ ಕೈಗೆ ಸಿಗುವುದು ಚಿಟಿಕೆ ಪುಡಿ.

ಫರ್ನೇಸ್ ದಾರಿಯ ಲೆಕ್ಕ ಸುಲಭ. 10 ಗ್ರಾಂ ಅನಟೇಸ್‌ಗೆ ಸುಮಾರು 4.4 ಗ್ರಾಂ ಸೋಡಿಯಂ ಕಾರ್ಬೋನೇಟ್. ಸೋಡಿಯಂ ಹಾರಿಹೋಗುತ್ತೆ ಅಂತ ಎಲ್ಲರಂತೆ ನಾನೂ ಶೇಕಡಾ 8ರಿಂದ 10 ಜಾಸ್ತಿ ಹಾಕುತ್ತೇನೆ. ಆದರೆ ಬರೀ ಜಾಸ್ತಿ ಹಾಕಿದರೆ ಸಾಕಾಗಲ್ಲ. ಎಕ್ಸ್‌ಆರ್‌ಡಿಯಲ್ಲಿ (ಹರಳಿನ ರಚನೆ ತೋರಿಸುವ ಎಕ್ಸ್-ರೇ ಪರೀಕ್ಷೆ), ತಾಮ್ರದ ಎಕ್ಸ್-ರೇ ಕಿರಣಕ್ಕೆ, ಟ್ರೈಟೈಟನೇಟ್‌ನ 10.5 ಡಿಗ್ರಿಯ ಪೀಕ್ ಎತ್ತರವಾಗಿ ನಿಂತಿರುತ್ತಿತ್ತು. ಅದರ ಪಕ್ಕದಲ್ಲೇ 11.8ರ ಹತ್ತಿರ ಒಂದು ಸಣ್ಣ ಗುಬುಟು. ಅದು ಹೆಕ್ಸಾಟೈಟನೇಟ್, ಸೋಡಿಯಂ ಕಡಿಮೆಯಾದಾಗ ಹುಟ್ಟುವ ಇನ್ನೊಂದು ಸಂಯುಕ್ತ. ಪದರ ಇಲ್ಲ, ಬರೀ ಸುರಂಗ. ಗ್ರಾಂಗೆ 50 ಮಿಲಿಆಂಪ್‌ಅವರ್ ಕೊಟ್ಟರೆ ಅದೇ ಹೆಚ್ಚು. ಕಾರ್ಬೋನೇಟ್ ಇನ್ನೂ ಏರಿಸಿದೆ. ಗುಬುಟು ಹೋಗಲಿಲ್ಲ, ಪುಡಿ ಮಾತ್ರ ಅಂಟಂಟಾಯಿತು.

ಕೊನೆಗೆ ಪೆಲೆಟ್‌ನ (ಮಿಶ್ರಣವನ್ನು ಒತ್ತಿ ಮಾಡಿದ ಬಿಲ್ಲೆಯ) ಹೊರಮೈಯನ್ನು ಬ್ಲೇಡಿನಲ್ಲಿ ಕೆರೆದು, ಸಿಪ್ಪೆ ಬೇರೆ ತಿರುಳು ಬೇರೆ ಮಾಡಿ ಎಕ್ಸ್‌ಆರ್‌ಡಿಗೆ ಕೊಟ್ಟೆ. ತಿರುಳು ಶುದ್ಧವಾಗಿತ್ತು. ಹೆಕ್ಸಾಟೈಟನೇಟ್ ಎಲ್ಲ ಸಿಪ್ಪೆಯಲ್ಲಿ! ಅಂದರೆ ಸೋಡಿಯಂ ಹಾರುವುದು ಮೇಲ್ಮೈಯಿಂದ. ಹಾಗಾದರೆ ಸಿಪ್ಪೆಯನ್ನೇ ಬೇರೆ ಕಡೆ ಸಾಗಿಸಿದರಾಯಿತು, ಅಲ್ವಾ? ಅಂದಿನಿಂದ ಕ್ರೂಸಿಬಲ್ (ಸುಡುವ ಮೂಸೆ) ತಳಕ್ಕೆ ಅದೇ ಮಿಶ್ರಣದ ಪುಡಿ ಹಾಸಿ, ಪೆಲೆಟ್ ಇಟ್ಟು, ಮೇಲೂ ಪುಡಿ ತುಂಬಿ ಹೂತುಬಿಡುತ್ತೇನೆ. ಹೊರಗಿನ ಪುಡಿ ಕೆಡುತ್ತದೆ, ಪೆಲೆಟ್ ಉಳಿಯುತ್ತದೆ. ಅಲ್ಯೂಮಿನಾ ಕ್ರೂಸಿಬಲ್‌ನ ಕಾಟವೂ ಇದರಿಂದಲೇ ತಪ್ಪಿತು. ಮೊದಲು ಪೆಲೆಟ್ ಕೂತ ಜಾಗ ಗಾಜಿನಂತಾಗಿ ಕಚ್ಚಿಕೊಳ್ಳುತ್ತಿತ್ತು, ಕೀಳಲು ಹೋದರೆ ಕ್ರೂಸಿಬಲ್ಲೇ ಬಿರುಕು. ಪ್ಲಾಟಿನಂ ತಗೋ ಅಂತ ಸಲಹೆ ಬಂತು. ಆ ಒಂದು ಕ್ರೂಸಿಬಲ್‌ನ ದುಡ್ಡಿನಲ್ಲಿ ನನ್ನ ಉಳಿದ ಕೆಲಸವೆಲ್ಲ ಮುಗಿದುಹೋಗುತ್ತಿತ್ತು.

800 ಡಿಗ್ರಿ, ಒಟ್ಟು 20 ಗಂಟೆ ಆಸುಪಾಸು, ನಡುವೆ ಒಂದು ಸಲ ತೆಗೆದು ಅರೆಯುವುದು. ಕಾರ್ಬೋನೇಟ್ 850ರ ಹತ್ತಿರ ಕರಗುವುದರಿಂದ ಅದಕ್ಕಿಂತ ಮೇಲೆ ಹೋಗಲ್ಲ. ಏರುವ ದಾರಿಯಲ್ಲಿ ಒಂದು ಕಡೆ ನಿಲ್ಲಿಸುತ್ತೇನೆ. ಎಲ್ಲಿ, ಎಷ್ಟು ಹೊತ್ತು ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಪುಡಿಯಲ್ಲಿ ವಿದ್ಯುತ್ ಚೆನ್ನಾಗಿ ಹರಿಯಲು ಕೊಡುವ ಕಾರ್ಬನ್ ಲೇಪಕ್ಕೆ ಸಕ್ಕರೆ ಸಾಕು. ಆರ್ಗಾನ್‌ನಲ್ಲಿ 650 ಡಿಗ್ರಿಗೆ ಕಾಯಿಸಿದರೆ ಬಿಳಿ ಪುಡಿ ಕಪ್ಪಾಗಿ ಬರುತ್ತದೆ. ಸಕ್ಕರೆಯ ಪ್ರಮಾಣ ಅವರವರೇ ಹುಡುಕಿಕೊಳ್ಳಲಿ. ಬೈಂಡರ್ (ಪುಡಿಯನ್ನು ಹಾಳೆಗೆ ಹಿಡಿಸುವ ಅಂಟು) ವಿಷಯದಲ್ಲಿ ಮಾತ್ರ ನನ್ನ ಮಾತು ಕೇಳಿ, ಪಿವಿಡಿಎಫ್ ಎಂಬ ಫ್ಲೋರಿನ್ ಪಾಲಿಮರ್ ಬೇಡ. ಈ ಪುಡಿ ಕ್ಷಾರೀಯ, ಸ್ಲರಿ (ಬಳಿಯಲು ಕಲಸಿದ ಮಿಶ್ರಣ) ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ, ಒಣಗಿದ ಮೇಲೆ ಲೋಹದ ಹಾಳೆಯಿಂದ ಏಳುತ್ತದೆ. ನೀರಿನಲ್ಲಿ ಕರಗುವ ಸೋಡಿಯಂ ಸಿಎಂಸಿ (ಸೆಲ್ಯುಲೋಸ್‌ನಿಂದ ಮಾಡಿದ ಅಂಟು) ಹಾಕಿ. ನೀರಿನ ಸ್ಲರಿಯಲ್ಲಿ ಸೋಡಿಯಂ ಹೋಗಲ್ವಾ ಅಂತ ಕೇಳುತ್ತಾರೆ. ಸ್ವಲ್ಪ ಹೋಗುತ್ತದೆ. ಹಾಗಾಗಿ ಬೇಗ ಕಲಸಿ, ತಕ್ಷಣ ಬಳಿದು, 120 ಡಿಗ್ರಿಯ ವ್ಯಾಕ್ಯೂಮ್ ಓವನ್‌ಗೆ. ಸೋಡಿಯಂ ಅಲ್ಯೂಮಿನಿಯಂ ಜೊತೆ ಬೆರೆಯುವುದಿಲ್ಲವಾದ್ದರಿಂದ ಆನೋಡ್‌ಗೂ ಅಲ್ಯೂಮಿನಿಯಂ ಹಾಳೆಯೇ ಆಗುತ್ತದೆ. ತಾಮ್ರದ ಖರ್ಚು ಉಳಿಯಿತು.

ಇನ್ನು ಅಂಕಿ, ನೆನಪಿನಿಂದ ಹೇಳುತ್ತೇನೆ. 2011ರಲ್ಲಿ ಸೆಂಗುಟ್ಟುವನ್, ತಾರಸ್ಕೋನ್ ಎಂಬ ಸಂಶೋಧಕರ ಬಳಗ ಇದೇ ಟ್ರೈಟೈಟನೇಟ್‌ನಲ್ಲಿ ತೋರಿಸಿದ ಹಾಗೆ ನನ್ನದೂ 0.3 ವೋಲ್ಟ್ ಹತ್ತಿರ ಸಮತಟ್ಟಾಗಿ ಓಡುತ್ತದೆ. ಎರಡು ಸೋಡಿಯಂ ಒಳಗೆ ಹೋದರೆ ಲೆಕ್ಕದ ಪ್ರಕಾರ ಗ್ರಾಂಗೆ ಸುಮಾರು 177 ಮಿಲಿಆಂಪ್‌ಅವರ್. ನಿಧಾನಕ್ಕೆ ಓಡಿಸಿದರೆ ನನಗೆ 160ರ ಮೇಲೆ, ಸಿ/5ರಲ್ಲಿ (ಐದು ಗಂಟೆಯಲ್ಲಿ ತುಂಬುವ ವೇಗದಲ್ಲಿ) 130ರ ಆಸುಪಾಸು ಸಿಗುತ್ತದೆ. ಮೊದಲ ಸೈಕಲ್ ಮಾತ್ರ ದುಬಾರಿ. 280ರಷ್ಟು ಒಳಗೆ ಹೋಗಿ 170 ವಾಪಸ್ ಬರುತ್ತದೆ. ಇಷ್ಟು ಕೆಳಗಿನ ವೋಲ್ಟೇಜಿನಲ್ಲಿ ಎಲೆಕ್ಟ್ರೋಲೈಟ್ ಒಡೆದು ಪೊರೆ ಕಟ್ಟುತ್ತದೆ, ವಿದ್ಯುತ್ ಹರಿಯಲು ಬೆರೆಸುವ ಕಾರ್ಬನ್ ಬ್ಲ್ಯಾಕ್ ಪುಡಿ ಕೂಡ ಸೋಡಿಯಂ ನುಂಗುತ್ತದೆ. ಲೇಪ ಚೆನ್ನಾಗಿ ಕೂತ ಮೇಲೆ ಕಾರ್ಬನ್ ಬ್ಲ್ಯಾಕ್ ಅರ್ಧಕ್ಕೆ ಇಳಿಸಿದೆ. ನಷ್ಟ ಕಣ್ಣಿಗೆ ಕಾಣುವಷ್ಟು ತಗ್ಗಿತು.

ಕೆಟ್ಟ ಸಿಪ್ಪೆ ಪುಡಿ ಡಬ್ಬಿಗಟ್ಟಲೆ ಉಳಿದಿತ್ತು. ಎಸೆಯಲು ಮನಸ್ಸು ಬರಲಿಲ್ಲ. ಸುಮ್ನೆ ಒಂದಿಷ್ಟನ್ನು ಸೀಸದ ನೈಟ್ರೇಟ್ ದ್ರಾವಣಕ್ಕೆ ಹಾಕಿ ಅಲುಗಾಡಿಸಿದೆ. ಮಾರನೆಯ ದಿನ ಸೋಸಿ ಪೊಟ್ಯಾಸಿಯಂ ಅಯೋಡೈಡ್ ಹನಿಸಿದರೆ ಹಳದಿ ಬರಲೇ ಇಲ್ಲ, ಅಂದರೆ ದ್ರಾವಣದಲ್ಲಿ ಕಾಣುವಷ್ಟು ಸೀಸ ಉಳಿದಿರಲಿಲ್ಲ. ಇದರಲ್ಲಿ ಎಷ್ಟು ಭಾಗ ಅಯಾನ್ ವಿನಿಮಯ, ಎಷ್ಟು ಭಾಗ ಕ್ಷಾರಕ್ಕೆ ಸೀಸ ಕೆಳಗಿಳಿದದ್ದು ಅಂತ ಬಿಡಿಸಬೇಕಾದರೆ ಪಿಎಚ್ ಹಿಡಿದಿಟ್ಟು ಮತ್ತೆ ಮಾಡಬೇಕು. ಪರಮಾಣು ತ್ಯಾಜ್ಯದಿಂದ ಸ್ಟ್ರಾಂಷಿಯಂ ಹಿಡಿಯಲು ಸೋಡಿಯಂ ಟೈಟನೇಟ್‌ಗಳನ್ನೇ ಬಳಸುತ್ತಾರಲ್ಲ, ಹಾಗಾಗಿ ಆಸೆ ಇದೆ.

ಶುದ್ಧ ಪುಡಿಯನ್ನೂ ಸ್ವಲ್ಪ ತೆಗೆದು, ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬೆಚ್ಚಗೆ ಇಟ್ಟಿದ್ದೆ. ಸೋಡಿಯಂ ಹೋಗಿ ಹೈಡ್ರೋಜನ್ ಟೈಟನೇಟ್ ಆಯಿತು, ಪೀಕ್ 11.2ರ ಹತ್ತಿರಕ್ಕೆ ಜರುಗಿತು. ಒದ್ದೆ ಹವೆಯಲ್ಲಿ ಬಿಟ್ಟ ಪುಡಿಯಲ್ಲೂ ಈ ಪೀಕ್ ಇಣುಕಬಹುದು. ಅದನ್ನು ಹೆಕ್ಸಾಟೈಟನೇಟ್ ಅಂದುಕೊಂಡು ಫರ್ನೇಸ್‌ಗೆ ಬೈಯಬೇಡಿ.

ಸದ್ಯ ಸೋಡಿಯಂ ವನೇಡಿಯಂ ಫಾಸ್ಫೇಟ್ ಕ್ಯಾಥೋಡ್ ಎದುರು ಪೂರ್ಣ ಸೆಲ್ ಕಟ್ಟುತ್ತಿದ್ದೇನೆ. ಮೊದಲ ಸೈಕಲ್‌ನ ನಷ್ಟವನ್ನು ಕ್ಯಾಥೋಡ್ ತುಂಬಿಕೊಡಬಾರದು ಅಂತ ಆನೋಡ್‌ಗೆ ಮೊದಲೇ ಸೋಡಿಯಂ ಕುಡಿಸಿ ಜೋಡಿಸುತ್ತಿದ್ದೇನೆ.